ಅಕ್ಕನ ಕೈಗೆ ಸಿಕ್ಕ ಮೊಣಕಾಲು

ಮಕ್ಕಳೇ, ನನ್ನ ಮೊಣಕಾಲು ಇನ್ನೂ ನೆಟ್ಟಗಾಗದಿರುವುದಕ್ಕೆ ಅರ್ಧ ಕಾರಣ ಒಂದು ಕುರಿಮರಿ. ಉಳಿದರ್ಧ ನಿಮ್ಮ ಅಜ್ಜನ ಅಕ್ಕ. ಕುರಿ ರೊಪ್ಪದಲ್ಲಿ ಮರಿ ನನ್ನ ಕಾಲ ನಡುವೆ ನುಗ್ಗಿತು. ಪಾದ ಕಲ್ಲಿನ ಸಂದಿಯಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಮರಿ ಆಗಲೇ ಓಡಿಹೋಯಿತು. ಸುದ್ದಿ ಕೇಳಿ ನೀಲಗುಂದದಿಂದ ಬಂದ ಅಕ್ಕ ಹೋಗಲೇ ಇಲ್ಲ.

ಕೂಡ್ಲಿಗಿಯಲ್ಲಿ ಡಾಕ್ಟರು, "ಎಲ್ಲಿ ನೋವು, ತೋರಿಸ್ರಿ" ಎಂದರು. ನಾನು ಸಂಕೋಚದಿಂದ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ತನ್ನ ಕಾಲನ್ನೇ ಮಂಚದ ಮೇಲಿಟ್ಟು, "ಇಲ್ಲಿಂದ ಹಿಡಕಂಡು ಇಲ್ಲೀಗಂಟ ನೋಡ್ರಿ" ಎಂದಳು. ಪಾಪ, ಅವರು ಅದನ್ನೇ ಮಡಚಿ, ಬಿಡಿಸಿ, ಒತ್ತಿ ನೋಡಿ, "ಏನೂ ಆಗಿಲ್ರಿ, ಕಾಲು ಗಟ್ಟಿ ಐತಿ" ಎಂದುಬಿಟ್ಟರು. ಮಹಾತಾಯಿ ಖುಷಿಯಿಂದ ಮನೆಗೆ ಹೊರಟೇ ನಿಂತಳು! ಕೊನೆಗೆ ನಾನೇ, "ನೋವು ನನಗ್ರಿ" ಎನ್ನಬೇಕಾಯಿತು.

ಆಮೇಲೆ ಡಾಕ್ಟರು ನನ್ನ ಕಾಲು ನೋಡಿ, ಒಳಗಿನ ನಾರು ಜಗ್ಗಿ ಊದಿಕೊಂಡಿದೆ, ವ್ಯಾಯಾಮ ಮಾಡಿ, ನೆಲಕ್ಕೆ ಕೂರಬೇಡಿ ಎಂದರು. ಈ ಕೊನೆಯ ಮಾತೇ ನನಗೆ ನೋವಿಗಿಂತ ಹೆಚ್ಚಾಯಿತು. ಹಿರಿಯರೆಲ್ಲ ನೆಲಕ್ಕೆ ಕುಳಿತು ಉಣ್ಣುವಾಗ ನಾನೊಬ್ಬಳು ಅವರ ತಲೆಗಿಂತ ಮೇಲೆ ಕುರ್ಚಿಯಲ್ಲಿ ಕೂರುವುದೇ? ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟೆ.

ವ್ಯಾಯಾಮದ ಕಥೆ ಬೇರೆ. ಮೊಣಕಾಲಡಿ ಟವೆಲ್ ಸುತ್ತಿಟ್ಟು, ಅಕ್ಕ "ಬಿಡು" ಎನ್ನುವವರೆಗೆ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಹೋಗುತ್ತಾರೆ. ಅವರ ಮಗಳ ಬಾಣಂತನ, ಎಮ್ಮೆಯ ಗಬ್ಬ ಎಲ್ಲ ಅಕ್ಕ ವಿಚಾರಿಸಬೇಡವೇ?

"ಅಕ್ಕಾ, ಬಿಡ್ಲೇನು?"

"ಇನ್ನೂ ಹಿಡಕಂಡೀಯೇನು? ನಾ ಆಗಲೇ ಮರ್ತೆ."

ಮೊನ್ನೆ ಕಾನಹೊಸಹಳ್ಳಿಯಲ್ಲಿ ನೆಂಟರ ಮಗುವಿನ ತೊಟ್ಟಿಲು ಕಾರ್ಯ. ಬರುವುದಿಲ್ಲವೆಂದರೂ ಕೇಳದೆ ಅಕ್ಕ ನನ್ನನ್ನು ಎಳೆದುಕೊಂಡು ಹೋದಳು. ಊಟಕ್ಕೆ ಎಲ್ಲರೂ ಸಾಲಾಗಿ ಕುಳಿತರು. ನಾನು "ಹಸಿವಿಲ್ಲ" ಎಂದು ಗೋಡೆಗೆ ಆತು ನಿಂತೆ. ಅಕ್ಕ ದರದರ ಸದ್ದು ಮಾಡುತ್ತಾ ಕುರ್ಚಿ ಎಳೆದು ತಂದು ನನ್ನನ್ನು ಕೂರಿಸಿದಳು. ಎಲ್ಲರೂ ತಿರುಗಿ ನೋಡಿದರು. ಈಕೆಯನ್ನು ಏನು ಮಾಡಬೇಕು, ನೀವೇ ಹೇಳಿ.

ನಾನು ಏಳುವುದರೊಳಗೆ ಇನ್ನೊಂದು ಕುರ್ಚಿ ಬಂತು. ಅದರಲ್ಲಿ ತಾನೇ ಕುಳಿತಳು.

"ನೀವ್ಯಾಕ ಮ್ಯಾಲೆ ಕುಂತ್ರಿ ದೊಡ್ಡವ್ವಾ?" ಎಂದಳು ಬಡಿಸುತ್ತಿದ್ದ ಆ ಮನೆಯ ಸೊಸೆ.

"ನನ್ನ ಮೊಣಕಾಲೂ ಹೋಗ್ಯಾವ. ಸುಮ್ನ ಬಡಿಸು."

ಹುಟ್ಟಿದಾಗಿನಿಂದ ನೆಲಕ್ಕೆ ಕುಳಿತೇ ಉಂಡವಳು. ತೊಡೆಯ ಮೇಲೆ ತಟ್ಟೆ ನಿಲ್ಲದೆ ಗೋಧಿಹುಗ್ಗಿ ಹೊಸ ಸೀರೆಗೆ ಜಾರಿತು. ಅದನ್ನು ಒರೆಸಿಕೊಳ್ಳದೆ ನನ್ನ ಕಡೆ ವಾಲಿ, "ಉಣ್ಣು ತಂಗಿ" ಎಂದಳು.

ಅವತ್ತು ನಾನು ಹುಗ್ಗಿ ಮತ್ತೊಮ್ಮೆ ಹಾಕಿಸಿಕೊಂಡೆ.