ಗಾಳಿಗೆ ಅಡ್ಡ ನಿಂತ ಚಂದ್ರಿಕೆ

ನಮ್ಮ ಮನೆಯ ಸಿಟ್‌ಔಟ್ ಪಶ್ಚಿಮಕ್ಕೆ ಬಾಯಿ ತೆರೆದುಕೊಂಡಿದೆ. ಸಂಜೆ ತಂಪಾಗಿ ಕೂರಬಹುದು ಎಂದು ಹಾಗೆ ಕಟ್ಟಿಸಿದವರು ನಮ್ಮ ಯಜಮಾನರು ಮುನೀಂದ್ರ. ಅವರ ದೂರದೃಷ್ಟಿಗೆ ಆಷಾಢ ಮಾತ್ರ ಕಾಣಿಸಿರಲಿಲ್ಲ. ಆಷಾಢದಲ್ಲಿ ಬೂದಿಗೆರೆ ಬಯಲಿನ ಗಾಳಿಯೆಲ್ಲ ಕರೆಯದ ನೆಂಟರಂತೆ ನೇರ ನಮ್ಮಲ್ಲಿಗೇ ಬರುತ್ತದೆ. ಒಮ್ಮೆ ನನ್ನ ಡೈರಿಯ ಮೂರು ಹಾಳೆ ಪಕ್ಕದ ಮನೆಗೆ ಹಾರಿಹೋದವು. (ಅತ್ತೆಯ ಬಗ್ಗೆ ಬರೆದಿದ್ದವೇ ಹೋಗಬೇಕೆ?)

ಅದನ್ನಾದರೂ ಸಹಿಸಿಕೊಂಡೆ. ಆದರೆ ಐದು ತಿಂಗಳ ಅಕ್ಷತಳಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡಬೇಕಲ್ಲ! ಒಳಗೆ ಕೊಟ್ಟರೆ ಕೆಮ್ಮುತ್ತಾಳೆ, ಹೊರಗೆ ಕೊಟ್ಟರೆ ಕೆಂಡವೇ ಹಾರುತ್ತದೆ. ಒಂದು ಭಾನುವಾರ ಹೊಗೆಯೆಲ್ಲ ಇವರ ಪಾಲಾಯಿತು, ಗಾಳಿಯೆಲ್ಲ ಮಗುವಿನ ಪಾಲಾಯಿತು. ಮೂಗು ಕಟ್ಟಿ, ಹಾಲು ಕುಡಿಯಲಾಗದೆ ಅವಳು ಎರಡು ದಿನ ಅತ್ತಳು. ಜೊತೆಗೆ ನಾನೂ ಅತ್ತೆ. ಮೂರನೆಯ ದಿನ ಕಣ್ಣೊರೆಸಿಕೊಂಡು ಭೀಷಣ ಪ್ರತಿಜ್ಞೆ ಮಾಡಿದೆ: ಈ ಗಾಳಿಗೆ ತಡೆ ಹಾಕುತ್ತೇನೆ, ಅದೂ ಅಗ್ಗದಲ್ಲಿ.

"ನರ್ಸರಿಯವ್ರು ಕಟ್ತಾರಲ್ಲ, ಆ ಹಸಿರು ಬಲೆ ತರ್ತೀನಿ ಕಣೆ," ಎಂದರು ಇವರು.

"ನನ್ ಮಗಳೇನು ಗುಲಾಬಿ ಸಸೀನಾ? ದುಡ್ಡು ದಂಡ. ಸುಮ್ನಿರಿ."

ಗಾಜಿನವನು ಬಂದು ಟೇಪು ಹಿಡಿದು ನಲವತ್ತೆರಡು ಸಾವಿರ ಎಂದ. ಕಾಫಿ ಕೊಡದೆ ಕಳಿಸಿದೆ. ಟಾರ್ಪಾಲು ಕಟ್ಟಿ ನೋಡಿದೆವು. ಅದು ಪಟಪಟ ಬಡಿದು ಮೊಮ್ಮಗಳನ್ನೂ ಅಜ್ಜಿಯನ್ನೂ ಒಟ್ಟಿಗೆ ಬೆಚ್ಚಿಬೀಳಿಸಿತು.

"ನಾವೇನ್ ಮಕ್ಳು ಸಾಕ್ಲಿಲ್ವಾ? ಬಲೆಯಂತೆ, ಗಾಜಂತೆ!" ಎಂದರು ಅತ್ತೆ ಮುನಿತಾಯಮ್ಮ.

ಆಗ ಅಟ್ಟದ ಮೇಲೆ ನನಗೆ ನಿಧಿ ಸಿಕ್ಕಿತು. ನಾಲ್ಕು ಚಂದ್ರಿಕೆ! ಅತ್ತೆ ಹಿಂದೆ ರೇಷ್ಮೆಹುಳು ಸಾಕುತ್ತಿದ್ದಾಗ ಗೂಡು ಕಟ್ಟಲು ಹುಳು ಬಿಡುತ್ತಿದ್ದ, ಆಳೆತ್ತರದ ಬಿದಿರಿನ ತಟ್ಟಿಗಳು. (ನೆಲಮಂಗಲದ ನನ್ನ ತವರಿನಲ್ಲಿ ರೇಷ್ಮೆ ಎಂದರೆ ಸೀರೆ ಮಾತ್ರ.) ಒರೆಸಿ, ಬಿಸಿಲಿಗಿಟ್ಟು, ಸಿಟ್‌ಔಟಿಗೆ ಸಾಲಾಗಿ ನಿಲ್ಲಿಸಿ ಕಟ್ಟಿದೆ. ಖರ್ಚು ಒಂದುಂಡೆ ಸಣಬಿನ ದಾರ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಹೊರಗೇ ನಿಲ್ಲಿಸ್ತೀಯಾ?"

"ಹೂಂ ಅತ್ತೆ, ಹೊರಗೇ."

"ಯೋಚ್ನೆ ಮಾಡಿದೀಯ ತಾನೆ?"

"ಎಲ್ಲಾ ಮಾಡಿದೀನಿ." (ಹೊಟ್ಟೆಕಿಚ್ಚು ಎಂದುಕೊಂಡೆ.)

ಗಾಳಿ ನಿಂತಿತು! ದೇವನಹಳ್ಳಿ ಕೋಟೆ ಕಟ್ಟಿಸಿದವರಿಗೂ ಅಂಥ ಹೆಮ್ಮೆ ಆಗಿರಲಾರದು. ಆ ದಿನ ಸಾಂಬ್ರಾಣಿ ಹೊಗೆ ನೆಟ್ಟಗೆ ಮೇಲೆದ್ದಿತು, ಮಗು ಅಲ್ಲೇ ನಿದ್ದೆಹೋದಳು.

ಮರುದಿನ ಅವಳಿಗೆ ಲಸಿಕೆ ಹಾಕಿಸಿಕೊಂಡು ಆಟೋದಲ್ಲಿ ವಾಪಸು ಬಂದೆ. ಚಂದ್ರಿಕೆ ಕೊಂಚ ವಾಲಿದಂತೆ ಕಂಡಿತು. ಸರಿಮಾಡೋಣವೆಂದು ಕೈಯಿಟ್ಟೆ. ಮೆತ್ತಗಿತ್ತು. ತಣ್ಣಗಿತ್ತು. ಅಲ್ಲದೆ ನನ್ನ ಬೆರಳನ್ನು ಹತ್ತತೊಡಗಿತು!

ನನ್ನ ಗಾಳಿತಡೆಯ ತುಂಬ ಸಾವಿರಾರು ಹುಳು ಹರಿದಾಡುತ್ತಿದ್ದವು. ನಾನು ಕಿರುಚಿದ ರಭಸಕ್ಕೆ ಆಟೋದವನು ಚಿಲ್ಲರೆ ಮರೆತು ಹೊರಟುಹೋದ.

ಹಿಂದಿನ ಬೀದಿಯ ಬೈರಣ್ಣ ತಟ್ಟೆ ಹಿಡಿದು ಇಣುಕಿದ. "ಹೆದರ್ಕೋಬೇಡ ಕಣವ್ವ. ಹುಳ ಎಲ್ಲಾ ಒಟ್ಗೇ ಹಣ್ಣಾಗಿ ಗೂಡು ಕಟ್ಟೋಕೆ ಬಂದ್ಬಿಟ್ವು, ನಮ್ಮನೆ ಚಂದ್ರಿಕೆ ಸಾಲ್ಲಿಲ್ಲ. ನಿಮ್ದು ಹೊರಗೆ ನಿಂತಿತ್ತಲ್ಲ!"

"ನಿಂತಿದ್ರೆ?"

"ಕೊಡ್ತಾರೆ ಅಂತ ಅರ್ಥ. ನಮ್ಮೂರಲ್ಲಿ ಖಾಲಿ ಚಂದ್ರಿಕೆ ಸುಮ್ಮಸುಮ್ಮನೆ ಯಾರವ್ವ ಹೊರಗೆ ನಿಲ್ಲಿಸ್ತಾರೆ?"

ಅತ್ತೆಯ ಕಡೆ ತಿರುಗಿದೆ. "ಎರಡು ಸಲ ಕೇಳ್ದೆ," ಎಂದರು ಅವರು ಶಾಂತವಾಗಿ. "ಪರವಾಗಿಲ್ಲ, ಸೊಸೆ ಊರಿಗಾಗ್ತಾಳೆ ಅನ್ಕೊಂಡೆ."

ತೆಗೆಸಿಬಿಡುತ್ತಿದ್ದೆ. ಆದರೆ ತಿಂಗಳಿಡೀ ನಿದ್ದೆಗೆಟ್ಟು ಹುಳು ಸಾಕಿದ ಬೈರಣ್ಣನ ಕಣ್ಣು ಕೆಂಪಗಿತ್ತು. ಐದು ತಿಂಗಳಿಂದ ನಿದ್ದೆಗೆಟ್ಟವಳಿಗೆ ಆ ಕಣ್ಣಿನ ಗುರುತು ಸಿಗದೆ ಇದ್ದೀತೆ?

"ಎಷ್ಟು ದಿನ?" ಎಂದೆ.

"ಐದೇ ದಿನ. ಆದ್ರೆ ವಾಸ್ನೆ ಆಗಲ್ಲ ಅವಕ್ಕೆ. ಊದ್‌ಬತ್ತಿ, ಸಾಂಬ್ರಾಣಿ, ಮಗೂ ಪೌಡ್ರು ಬೇಡ. ಒಗ್ಗರಣೆ ಹಾಕೋವಾಗ ಈ ಬಾಗ್ಲು ಮುಚ್ಕೊಳ್ಳಿ. ಹಾಂ, ಗಾಳಿ ಆಡ್ಬೇಕು, ಆದ್ರೆ ನೇರ ಬಡೀಬಾರ್ದು. ಸೂಕ್ಷ್ಮ ಜೀವ."

ಅತ್ತೆ ಗಾಬರಿಯಿಂದ ಎದ್ದರು. "ಅಯ್ಯೋ, ಪಶ್ಚಿಮದ ಗಾಳಿ ಬಡೀತದಲ್ಲಪ್ಪ! ಪ್ರಮೋದಾ, ಮುನೀಂದ್ರಂಗೆ ಫೋನ್ ಮಾಡು. ಹಸಿರು ಬಲೆ ತರ್ಲಿ, ಬೇಗ!"

ಫೋನ್ ಕೈಗೆತ್ತಿಕೊಂಡವಳು ತಿರುಗಿದೆ. "ಅತ್ತೆ, ಮಗೂಗೆ ಅಂದಾಗ..."

"ಮಗು ಅತ್ತು ಹೇಳ್ತದೆ. ಹುಳ ಹೇಳ್ತದಾ?"

ನಾನೇ ಫೋನ್ ಮಾಡಿದೆ. ಬಲೆ ಬಂತು, ನನ್ನ ಗಾಳಿತಡೆಗೊಂದು ಗಾಳಿತಡೆಯಾಗಿ ನಿಂತಿತು. ಬಲೆಯ ಅಂಚಿನಲ್ಲಿ ಕಾಗೆ ನುಗ್ಗೀತೆಂದು ಕಾವಲಿಗೆ ಹೊರಗೆ ಕುರ್ಚಿ ಹಾಕಿಕೊಂಡು ಕೂತವಳೂ ನಾನೇ. ಹುಳು ನೂಲು ಸುತ್ತಿಕೊಂಡು ಮೆಲ್ಲಗೆ ಮರೆಯಾಗುವುದನ್ನು ನೋಡುತ್ತ ನೋಡುತ್ತ ನನಗೂ ಅವುಗಳ ಮೇಲೆ ಪ್ರೀತಿ ಬಂದುಬಿಟ್ಟಿತು. ಒಂದು ಬೆಳಿಗ್ಗೆಯಂತೂ ತೊಟ್ಟಿಲಿಗಿಂತ ಮೊದಲು ಚಂದ್ರಿಕೆಯನ್ನೇ ಇಣುಕಿದೆ. (ಇದನ್ನು ಅಕ್ಷತ ದೊಡ್ಡವಳಾದ ಮೇಲೆ ಓದದಿರಲಿ.)

ಆರನೇ ದಿನ ಬೈರಣ್ಣ ಬುಟ್ಟಿ ತುಂಬ ಗೂಡು ಬಿಡಿಸಿಕೊಂಡು, ಮುಖದ ತುಂಬ ನಗು ಹೊತ್ತು ಹೋದ. ಅವನು ತಿರುವು ದಾಟುವ ಮೊದಲೇ ನಾಲ್ಕೂ ಚಂದ್ರಿಕೆಯನ್ನು ನಾನೇ ಅಟ್ಟಕ್ಕೇರಿಸಿದೆ. ಹಸಿರು ಬಲೆ ಉಳಿಯಿತು. ಗಾಳಿ ಒಳಗೆ ಬರಲಿಲ್ಲ, ಬೆಳಕು ಬಂತು. ಇವರು ಮೊದಲ ದಿನ ಹೇಳಿದ ಬಲೆಯೇ ಅದು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಷ್ಟಾಗಿ, ಆರು ದಿನ ಸಾಂಬ್ರಾಣಿ ಕಾಣದ ಮಗು ಒಂದು ಸೀನೂ ಸೀನಿರಲಿಲ್ಲ. ಸೀನಿದ್ದು ನಾನು. ಬಲೆಯ ಹೊರಗೆ ಐದು ದಿನ ಗಾಳಿ ಕುಡಿದದ್ದಕ್ಕೆ ಮೂಗು ಕಟ್ಟಿ, ಗಂಟಲು ಕೆಟ್ಟು ಹೋಗಿತ್ತು. ಅತ್ತೆ ನನಗೆ ಎಣ್ಣೆನೀರು ಹಾಕಿ, ಬಲೆಯೊಳಗೆ ಮಣೆಯ ಮೇಲೆ ಕೂರಿಸಿ, ಕೂದಲು ಹರವಿ ಸಾಂಬ್ರಾಣಿ ಹಾಕಿದರು. ಹೊಗೆ ನೆಟ್ಟಗೆ ಮೇಲೆದ್ದಿತು.

ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಇವರು ಅವಳ ಕಿವಿಯಲ್ಲಿ, ನನಗೆ ಕೇಳುವಷ್ಟು ಜೋರಾಗಿ ಹೇಳಿದರು: "ನೋಡು ಪುಟ್ಟಿ, ಬಲೆ ಒಳಗೆ ಗುಲಾಬಿ ಸಸಿ!"

ಅಕ್ಷತ ಬೊಚ್ಚುಬಾಯಿ ತುಂಬ ನಕ್ಕಳು. ತಿರುಗಿ ಬೈಯೋಣವೆಂದರೆ, ನನಗೆ ಸೀನು ಬಂತು.