ಭೀಮೇಶನು ಹೋಲ್ಡಾನ್ ಎಂದ ಪ್ರಸಂಗ

ಬಸ್ಸುಗಳು ಜನ ಕೂಗಿದ ಕಡೆ ನಿಂತು, ಕೂಗದ ಕಡೆ ನಿಲ್ಲದೆ ಧೂಳಿಧ್ವಜವನ್ನೆತ್ತಿ ಧಾವಿಸುತ್ತಿದ್ದ, ಕಿಟಕಿಯ ಗಾಜುಗಳು ಏರಿಸಿದರೆ ಇಳಿಯದೆ ಇಳಿಸಿದರೆ ಏರದೆ ದೃಢವ್ರತವನ್ನು ಪಾಲಿಸುತ್ತಿದ್ದ ಆ ಮಹಾಯುಗದಲ್ಲಿ, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಎ ಸೆಕ್ಷನ್ನಿನಲ್ಲಿ ಭೀಮೇಶನೆಂಬ ವೀರನಿದ್ದನು. ತಾಯೀ ಧೈರ್ಯದೇವತೆಯೇ, ನನ್ನ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಅವನ ಕಥೆಯನ್ನು ಹೇಳಿಸು. ಅವನ ನಾಲಗೆಯ ಕಡೆ ನೀನು ಮೂರು ವರ್ಷ ತಲೆ ಹಾಕಲಿಲ್ಲ, ಆ ತಪ್ಪಿಗೆ ಇದಾದರೂ ಆಗಲಿ.

ಆಜಾನುಬಾಹುವೂ, ಮುದ್ದೆತ್ರಯಭಂಜನನೂ, ಕಬಡ್ಡಿರಣರಂಗಶಾರ್ದೂಲನೂ ಆದ ಈ ಭೀಮೇಶನು ಐದು ಮಂದಿ ಕಾಲು ಹಿಡಿದರೂ ಉಸಿರು ಬಿಡದೆ ಅವರೆಲ್ಲರನ್ನೂ ಎಳೆದುಕೊಂಡು ನಡುಗೆರೆ ಮುಟ್ಟುವವನು. ಹದಿನೇಳಕ್ಕೇ ಮೀಸೆ ಬಂದಿತ್ತು. ಇಂಥವನಿಗೆ ಒಂದೇ ಒಂದು ಭಯ: ಬಸ್ಸು ನಿಲ್ಲಿಸಲು ‘ಹೋಲ್ಡಾನ್’ ಎಂದು ಕೂಗುವುದು. ನಗಬೇಡಿ ಸ್ವಾಮಿ, ನಿಮಗೂ ಒಂದು ಇದ್ದೇ ಇರುತ್ತದೆ. ಹಲ್ಲಿಯೋ, ಲಿಫ್ಟೋ, ಬ್ಯಾಂಕಿನ ಕೌಂಟರೋ. ನೀವು ಹೇಳಿಕೊಂಡಿಲ್ಲ, ಅಷ್ಟೇ.

ಭಯದ ಮೂಲವನ್ನು ಕೇಳಿರಿ. ಒಂಬತ್ತನೇ ಕ್ಲಾಸಿನಲ್ಲಿ, ದನಿ ಒಡೆಯುತ್ತಿದ್ದ ಕಾಲದಲ್ಲಿ, ತುಂಬಿದ ಬಸ್ಸಿನಲ್ಲಿ ಅವನು ಹೋಲ್ಡಾನ್ ಎಂದು ಕೂಗಿದಾಗ ಆ ಶಬ್ದದ ಮೊದಲರ್ಧ ಅವರಪ್ಪನ ದನಿಯಲ್ಲೂ ಉಳಿದರ್ಧ ಅವನ ತಂಗಿಯ ದನಿಯಲ್ಲೂ ಹೊರಬಂದಿತ್ತು. ಇಡೀ ಬಸ್ಸು ನಕ್ಕಿತು, ಡ್ರೈವರೂ ಕನ್ನಡಿಯಲ್ಲಿ ನೋಡಿ ನಕ್ಕ. ಅಂದಿನಿಂದ ನಮ್ಮ ವೀರನು ಬಸ್ಸಿನಲ್ಲಿ ಮೌನವ್ರತಧಾರಿಯಾದನು. ಕಾಲೇಜು ಸೇರಿದ ಮೊದಲ ವರ್ಷ ಅದೇ ಬಸ್ಸಿನ ಸೀನಿಯರ್ ರಜಿಯಾ ಗೇಟು ಬಂದೊಡನೆ ಕೂಗುತ್ತಿದ್ದಳು, ಇವನು ಅವಳ ಹಿಂದೆ ಮರ್ಯಾದೆಯಿಂದ ಇಳಿಯುತ್ತಿದ್ದನು. ರಜಿಯಾ ಪಾಸಾಗಿ ಹೋದಳು.

ಆಮೇಲಿನದು ದುಃಖದ ಕಥೆ. ಯಾರೂ ಕೂಗದ ಕಾಲೇಜು ಗೇಟಿನಲ್ಲಿ ಬಸ್ಸು ನಿಲ್ಲದೆ, ಒಂದು ಮೈಲಿ ಮುಂದಿನ ಸಂತೆಕೊಪ್ಪಲಿಗೆ ಭೀಮೇಶನನ್ನು ದಿನವೂ ಹೊತ್ತೊಯ್ಯುತ್ತಿತ್ತು. ಅವನು ನಡೆದು ಹಿಂದಿರುಗುವಷ್ಟರಲ್ಲಿ ಮೊದಲ ಪೀರಿಯಡ್ ಶುರುವಾಗಿ ಹತ್ತು ನಿಮಿಷವಾಗಿರುತ್ತಿತ್ತು. ಫಿಸಿಕ್ಸಿನ ಶಿವನಂಜಯ್ಯ ಸಾರ್ ಬೋರ್ಡಿನ ಮುಂದೆ. ‘ಒಳಗೆ ಬರಲಾ ಸಾರ್’ ಎಂದರೆ ಮುಗಿಯಿತು. ಆದರೆ ಹೋಲ್ಡಾನಿಗಿಂತ ಅದು ಉದ್ದ. ಭೀಮೇಶನು ಬಾಗಿಲಲ್ಲಿ ಸ್ವಲ್ಪ ನಿಂತು, ಗಂಟಲು ಸರಿಮಾಡಿಕೊಂಡು, ಹೊಂಗೆ ಮರದ ಕೆಳಗೆ ಹೋಗಿ ಕೂರುತ್ತಿದ್ದನು. ಕೊನೆಗೊಂದು ದಿನ ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಬಂತು: ಫಿಸಿಕ್ಸಿನಲ್ಲಿ ಇನ್ನೊಂದು ಆಬ್ಸೆಂಟ್ ಬಿದ್ದರೆ ಹಾಲ್ ಟಿಕೆಟ್ ಇಲ್ಲ.

ಕಬಡ್ಡಿ ಕಲಿಸುವ ಪಾರಿಜಾತ ಮೇಡಂ ಅದನ್ನು ಓದಿ ಅವನನ್ನು ಮೈದಾನದ ಮೂಲೆಗೆ ಕರೆದರು. ಅವನು ಹೂಂ ಉಹೂಂಗಳಲ್ಲೇ ಎಲ್ಲ ಹೇಳಿದ. ಅವರು ನಗಲಿಲ್ಲ.

“ಆ ಹೊತ್ತಲ್ಲಿ ಏನಾಗುತ್ತೆ?”

“ಎದೆ ಹೊಡ್ಕೊಳ್ಳುತ್ತೆ ಮೇಡಂ. ಬಾಯಿ ಒಣಗುತ್ತೆ. ಕೈ ಬೆವರುತ್ತೆ.”

“ರೈಡಿಗೆ ಹೋಗೋ ಮುಂಚೆ?”

ಭೀಮೇಶ ಯೋಚಿಸಿದ. “ಅದೇ ಆಗುತ್ತೆ.”

“ಅಲ್ಲಿ ಅದಕ್ಕೆ ಜೋಶು ಅಂತೀಯ, ಬಸ್ಸಲ್ಲಿ ಭಯ ಅಂತೀಯ. ಭಯ ಪೂರ್ತಿ ಹೋಗ್ಲಿ ಆಮೇಲೆ ಕೂಗ್ತೀನಿ ಅಂತ ಕಾಯಬೇಡಪ್ಪ, ಅದು ಹೋಗಲ್ಲ. ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಕೂಗು. ಒಂದೇ ಸಲಕ್ಕೆ ಬೇಡ. ಇವತ್ತು ಪಕ್ಕದೋರ ಹತ್ರ ಟೈಮ್ ಕೇಳು. ನಾಳೆ ಕಂಡಕ್ಟರ್ ಹತ್ರ ಒಂದು ಮಾತಾಡು. ನಾಡಿದ್ದು ಕೂಗು.”

ಅಂದು ಸಂಜೆಯೇ ಬಸ್ಸಿನಲ್ಲಿ ಆ ಮಹಾಭುಜನು ಸೊಪ್ಪಿನ ಪುಟ್ಟಿಯ ಅಜ್ಜಿಯೊಬ್ಬರ ಬಳಿ ಟೈಮ್ ಕೇಳಿದ. ಅಜ್ಜಿಯ ಕೈಯಲ್ಲಿ ಗಡಿಯಾರವಿರಲಿಲ್ಲ, ಇವನ ಕೈಯಲ್ಲಿತ್ತು. ಇರಲಿ ಬಿಡಿ, ಕೇಳಿದ್ದು ಕೇಳಿದ್ದೇ. ಮಾರನೆಯ ದಿನ ಭಾನುವಾರ. ಸುಮ್ಮನೆ ಪೇಟೆಗೆ ಹೋಗಿಬಂದು ಕಂಡಕ್ಟರಿಗೆ “ಬಿಸಿಲು ಜಾಸ್ತಿ” ಎಂದ. ಕಂಡಕ್ಟರ್ “ಹೂಂ” ಎಂದ. ಎರಡು ಕೋಟೆಗಳು ಹೀಗೆ ರಕ್ತಪಾತವಿಲ್ಲದೆ ಕೈವಶವಾದವು.

ಮೂರನೆಯ ದಿನ, ಆ ಇಂದುವಾಸರದ ಪ್ರಾತಃಕಾಲದಲ್ಲಿ, ಭೀಮೇಶನು ಬಸ್ಸಿನ ಹಿಂಬಾಗಿಲ ಕಂಬಿಯನ್ನು ಗದೆಯಂತೆ ಹಿಡಿದು ನಿಂತು ಗರ್ಜಿಸಿದನು: “ಎಲೈ ಮದೋನ್ಮತ್ತ ಶಕಟವೇ, ನೂರಾರು ಹಳ್ಳಿಗಳ ಧೂಳನ್ನುಂಡು ಕೊಬ್ಬಿದ ಚತುಶ್ಚಕ್ರದೈತ್ಯವೇ, ಇದುವರೆಗೆ ನೀನು ನನ್ನನ್ನು ಸಂತೆಕೊಪ್ಪಲಿಗೆ ಹೊತ್ತೊಯ್ದೆ. ಇಂದು ನನ್ನ ಏಕೈಕ ಶಬ್ದಬಾಣದಿಂದ ನಿನ್ನ ಬ್ರೇಕುಗಳು ಆರ್ತನಾದಗೈಯದಿದ್ದರೆ ನಾನು ಭೀಮೇಶನೇ ಅಲ್ಲ, ನಾಳೆಯಿಂದ ಮುದ್ದೆಯನ್ನು ಮುಟ್ಟುವವನಲ್ಲ.” ಇದೆಲ್ಲ ಮನಸ್ಸಿನೊಳಗೇ ನಡೆಯಿತು. ಹೊರಗೆ ನೋಡಿದವರಿಗೆ ದಪ್ಪ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡು ಬೆವರುತ್ತಿದ್ದ.

ಎದೆ ಹೊಡೆದುಕೊಂಡಿತು, ಬಾಯಿ ಒಣಗಿತು. ಜೋಶು, ಇದು ಜೋಶು ಎಂದು ಹೇಳಿಕೊಂಡ. ರೈಡಿಗೆ ಹೊರಟವನಂತೆ ಎದೆ ತುಂಬ ಉಸಿರೆಳೆದ. ಅಷ್ಟರಲ್ಲಿ ಬಸ್ಸು ನಿಧಾನವಾಯಿತು. ಕಾಲೇಜು ಗೇಟಿನ ಮುಂದಿನ ರಸ್ತೆಯ ಹಂಪು ಬಂದಿತೆಂದು ತಿಳಿದು, ದಶದಿಕ್ಕುಗಳೂ ಮೊಳಗುವಂತೆ, ಕಬಡ್ಡಿ ಮೈದಾನದ ಪೂರ್ಣಶಕ್ತಿಯಿಂದ ಕೂಗಿದನು:

“ಹೋಲ್ಡಾನ್!”

ಬಸ್ಸು ನಿಂತಿತು. ಒಂದು ಮಗು ಎಚ್ಚರಗೊಂಡಿತು. ಯಾರೂ ನಗಲಿಲ್ಲ. ಭೀಮೇಶ ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಒಂದು ಎಮ್ಮೆ ನಿಧಾನವಾಗಿ ರಸ್ತೆ ದಾಟುತ್ತಿತ್ತು. ಅದು ಇಟ್ಟಿಗೆ ಗೂಡಿನ ಸ್ಟಾಪು. ಕಾಲೇಜು ಇನ್ನೂ ಒಂದು ಮೈಲಿ ಮುಂದಿತ್ತು.

“ಇಲ್ಯಾಕ್ಲಾ ಇಳೀತೀಯ? ಕಾಲೇಜು ಮುಂದಕ್ಕದೆ,” ಎಂದ ಕಂಡಕ್ಟರ್.

ತಪ್ಪಾಯಿತು ಎನ್ನಬಹುದಿತ್ತು. ಆದರೆ ಅಷ್ಟು ದೊಡ್ಡ ಮಾತಿಗೆ ಮೇಡಂ ತರಬೇತಿ ಕೊಟ್ಟಿರಲಿಲ್ಲ. “ಇಲ್ಲೇ,” ಎಂದು ವೀರನು ಇಳಿದನು.

ಹೀಗೆ ಆರು ತಿಂಗಳು ಸಂತೆಕೊಪ್ಪಲಿನಿಂದ ಹಿಂದಕ್ಕೆ ನಡೆದವನು ಆ ದಿನ ಇಟ್ಟಿಗೆ ಗೂಡಿನಿಂದ ಮುಂದಕ್ಕೆ ನಡೆದ. ದೂರ ಅಷ್ಟೇ, ಬಿಸಿಲೂ ಅಷ್ಟೇ. ಆದರೆ ಅವನು ನಡೆದ ರೀತಿ ನೋಡಬೇಕಿತ್ತು ನೀವು. ಅರ್ಧ ದಾರಿಯಲ್ಲಿ ಹಾಲ್ ಟಿಕೆಟ್ ನೆನಪಾಗಿ ಓಡತೊಡಗಿದ.

ಆದರೂ ಐದು ನಿಮಿಷ ತಡವಾಯಿತು. ಅದೇ ಬಾಗಿಲು, ಶಿವನಂಜಯ್ಯ ಸಾರ್ ಅವರ ಅದೇ ಬೆನ್ನು. ಹೊಂಗೆ ಮರ ಹಿಂದಿನಿಂದ ಬಾ ಎನ್ನುತ್ತಿತ್ತು. ಭಯ ಪಕ್ಕದಲ್ಲೇ ನಿಂತಿತ್ತು, ಎಲ್ಲಿಗೂ ಹೋಗಿರಲಿಲ್ಲ. ನಿಂತಿರಲಿ ಎಂದುಕೊಂಡ ಭೀಮೇಶ.

“ಒಳಗೆ ಬರಲಾ ಸಾರ್?”

ಓಡಿ ಬಂದ ಏದುಸಿರಿಗೆ ದನಿ ನಡುವೆಯೇ ಒಡೆಯಿತು. ‘ಒಳಗೆ’ ಅವರಪ್ಪನದು, ‘ಬರಲಾ ಸಾರ್’ ತಂಗಿಯದು. ಕ್ಲಾಸು ನಕ್ಕಿತು. ಅವನು ಮೂರು ವರ್ಷದಿಂದ ಹೆದರಿದ್ದುದು ಇದಕ್ಕೇ, ಈಗ ಅದು ಬಂದು, ಎರಡು ಕ್ಷಣ ಇದ್ದು, ಮುಗಿದೂ ಹೋಯಿತು. ಅವನಿಗೂ ನಗು ಬಂತು.

ಸಾರ್ ತಿರುಗಿ ನೋಡಿದರು. ಆ ಮೀಸೆಯನ್ನೂ ಭುಜಗಳನ್ನೂ ಚೀಲವನ್ನೂ ನೋಡಿದರು.

“ದಿನಾ ಬಾಗಿಲ ಹತ್ರ ನಿಂತು ನಿಂತು ಹೋಗ್ತಿದ್ದೋರು ನೀವೇನಾ?”

“ಹೌದು ಸಾರ್.”

“ಸ್ಟೂಡೆಂಟಾ ನೀನು?”

“ಹೌದು ಸಾರ್. ಒಳಗೆ ಬರ್ಲಾ ಅಂತ ಕೇಳೋಕೆ ಭಯ ಆಗ್ತಿತ್ತು.”

ಶಿವನಂಜಯ್ಯ ಸಾರ್ ಚಾಕ್‌ಪೀಸನ್ನು ಬೆರಳಲ್ಲಿ ತಿರುಗಿಸಿದರು. “ನಾನು ಯಾರೋ ಪೋಷಕರು ಅಂದ್ಕೊಂಡಿದ್ದೆ,” ಎಂದರು. ಆಮೇಲೆ ದನಿ ತಗ್ಗಿಸಿ, “ಏನ್ ಬೇಕಿತ್ತು ಅಂತ ಕೇಳೋಣ ಅಂತ ದಿನಾ ಅನ್ಕೊಳ್ತಿದ್ದೆ ಕಣಪ್ಪ. ಕೇಳೋಕೆ ನನಗೂ ಒಂಥರಾ ಆಗ್ತಿತ್ತು. ಬಾ, ಕೂತ್ಕೋ.”

ಹಾಜರಿ ಪುಸ್ತಕದಲ್ಲಿ ಭೀಮೇಶನ ಹೆಸರಿನ ಮುಂದೆ, ಸಾಲು ಸಾಲು ಆಬ್ಸೆಂಟುಗಳ ಕೊನೆಯಲ್ಲಿ, ಹಾಜರೆಂಬ ಒಂದು ಸಣ್ಣ ಗೀಟು ಬಿತ್ತು.