ತೆಂಗಿನಗುಂಡಿಯ ಹುಣ್ಣಿಮೆ ಲೆಕ್ಕ

ಸಮುದ್ರದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಭಟ್ಕಳದ ತೆಂಗಿನಗುಂಡಿಯವನು. ಅಪ್ಪನದು ಸ್ವಂತ ದೋಣಿ. ಆ ದೋಣಿ ಹತ್ತಿದಾಗಲೆಲ್ಲ ನನಗೆ ವಾಂತಿಯಾಗುತ್ತಿತ್ತು ಎಂಬ ಸಣ್ಣ ವಿವರವನ್ನು ಮಾತ್ರ, ಸ್ಕಾಟ್ಲೆಂಡಿನಲ್ಲಿ ಓದುವಾಗ ಯಾರಿಗೂ ಹೇಳಲು ಹೋಗಿರಲಿಲ್ಲ.

ಒಂದು ಶನಿವಾರ ಮೂವರು ಎಡಿನ್‌ಬರಾ ನೋಡಲು ಹೊರಟೆವು. ನಾನು, ವಿಜಯಪುರದ ಸಂಗಮೇಶ, ಮಂಡ್ಯದ ಶ್ವೇತಾ. ಕೋಟೆಯ ಮುಂದಿನ ಸರದಿ ಕಂಡೇ ಸುಸ್ತಾಗಿ, ನಗರದ ಅಂಚಿನಲ್ಲಿದ್ದ ಪುಟ್ಟ ದ್ವೀಪಕ್ಕೆ ಹೋಗೋಣವೆಂದುಕೊಂಡೆವು. ಸಮುದ್ರದ ನೀರು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು. ಏರಿದರೆ ದಾರಿ ಮುಳುಗುತ್ತದೆ. ದಡದಲ್ಲಿ ಒಂದು ದೊಡ್ಡ ಫಲಕವಿತ್ತು.

"ಲೇ, ಏನೋ ಬರ್ದಾರ. ಓದೂಣೇನು?" ಎಂದ ಸಂಗಮೇಶ.

"ಅದು ಬಯಲುಸೀಮೆಯವರಿಗೆ!" ಎಂದೆ. ಅದೇ ಫಲಕಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಕಳಿಸಿದೆ. ಆಮೇಲೆ ತಜ್ಞರ ಅಭಿಪ್ರಾಯ ಪಡೆಯಲು ಅಪ್ಪನಿಗೇ ಫೋನ್ ಮಾಡಿದೆ. ತಿಥಿ ಎಣಿಸಿ ಉಬ್ಬರ-ಇಳಿತದ ಹೊತ್ತು ಹೇಳುವುದರಲ್ಲಿ ಅಪ್ಪ ಎಂದೂ ತಪ್ಪಿದವರಲ್ಲ.

"ಅಪ್ಪಾ, ಇವತ್ತು ನೀರು ಹ್ಯಾಂಗೆ?"

ಮಗನಿಗೆ ಊರು ನೆನಪಾಯಿತೆಂದು ಅಪ್ಪನಿಗೆ ಖುಷಿಯೋ ಖುಷಿ. "ಇವತ್ತು ಹುಣ್ಣಿಮೆ ಅಲ್ವನಾ ಮಗಾ? ಹುಣ್ಣಿಮೆಗೆ ಹನ್ನೊಂದೂವರೆ, ಹನ್ನೆರಡಕ್ಕೆ ಪೂರ್ತಿ ತುಂಬೂದು. ಮತ್ತೆ ಸಂಜೆ ತನಕ ಇಳಿಯೂದೇ. ಊಟ ಆತಾ?"

ನಾನು ಎಲ್ಲಿ ನಿಂತು ಕೇಳುತ್ತಿದ್ದೇನೆಂದು ಅಪ್ಪ ಕೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಗಡಿಯಾರದಲ್ಲಿ ಸರಿಯಾಗಿ ಹನ್ನೊಂದೂವರೆ. ದಾರಿ ಒಣಗಿಕೊಂಡು ಬಿದ್ದಿತ್ತು.

"ನೋಡಿ, ಪೂರ್ತಿ ತುಂಬಿದಾಗಲೇ ಇಷ್ಟು ಒಣಗಿದೆ! ಸಂಜೆಗೆ ಇಲ್ಲಿ ಶೇಂಗಾ ಬೆಳೆಯಬಹುದು," ಎಂದು ಘೋಷಿಸಿ ಮುಂದೆ ನಡೆದೆ.

ದ್ವೀಪದಲ್ಲಿ ಶ್ವೇತಾ ತಂದಿದ್ದ ಪುಳಿಯೋಗರೆಯನ್ನು ಎರಡು ಸಲ ಬಡಿಸಿಕೊಂಡೆ. ಕೈ ತೊಳೆಯಲು ಹೋದ ಸಂಗಮೇಶ ಅಲ್ಲಿಂದಲೇ ಕೂಗಿದ. "ಲೇ, ದಾರಿ ಎಲ್ಲೈತಲೇ?"

"ಒಂದು ಅಲೆ ಬಂದಿರಬೇಕು. ಬಂದು ಹೋಗ್ತದೆ."

"ಅಲಿ ಬಂತು ಖರೆ, ಹೋಗವಲ್ದು!"

ನೋಡುತ್ತಿದ್ದಂತೆ ದಡಕ್ಕೂ ನಮಗೂ ನಡುವೆ ಬರೀ ನೀರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವರಿಬ್ಬರಿಗೂ ಈಜು ಬರುತ್ತಿರಲಿಲ್ಲ. ನನಗೆ ಬರುತ್ತದೆಂದು ಅವರು ಅಂದುಕೊಂಡಿದ್ದರು!

"ಅಪ್ಪನಿಗೆ ಇನ್ನೊಂದು ಸಲ ಕೇಳಲಾ?" ಎಂದೆ.

"ನಿಮ್ಮಪ್ಪನ್ ಲೆಕ್ಕ ಸಾಕು ಕಣಪ್ಪ, ಸುಮ್ನಿರು," ಎಂದ ಶ್ವೇತಾ ತಾನೇ ಕರಾವಳಿ ರಕ್ಷಣಾ ಪಡೆಗೆ ಫೋನ್ ಮಾಡಿದಳು.

ಕಿತ್ತಳೆ ಬಣ್ಣದ ದೋಣಿ ಬಂತು. ಅದರಲ್ಲಿದ್ದ ಹೆಂಗಸು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಲೈಫ್ ಜಾಕೆಟ್ ತೊಡಿಸುತ್ತ ಕರುಣೆಯಿಂದ ಕೇಳಿದಳು: "ಸಮುದ್ರ ನೋಡುವುದು ಇದೇ ಮೊದಲಾ?"

ಸಂಗಮೇಶ ನನ್ನ ಮುಖವನ್ನೇ ನೋಡಿದ. ತೆಂಗಿನಗುಂಡಿಯ ಮಾನ ಉಳಿಸಲು ನನಗೆ ಒಂದೇ ದಾರಿಯಿತ್ತು.

"ಹೌದು," ಎಂದೆ.

ದೋಣಿ ಹೊರಟಿತು. ಎರಡು ಸಲ ಬಡಿಸಿಕೊಂಡಿದ್ದ ಪುಳಿಯೋಗರೆ ಎರಡೇ ನಿಮಿಷದಲ್ಲಿ ವಾಪಸು ಬಂತು.

ದಡಕ್ಕೆ ಬಂದು ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಲೆಕ್ಕ ತಪ್ಪಿತು ಎಂದು ಎಲ್ಲ ಹೇಳಿ ರೇಗಾಡಿದೆ.

"ನೀ ಕೇಳದ್ದು ಅಲ್ಲಿ ನೀರನಾ? ನಾ ಹೇಳದ್ದು ನಮ್ಮೂರ ನೀರು!" ಎಂದರು ಅಪ್ಪ. "ನಾ ಐವತ್ತು ವರ್ಷ ದೋಣಿ ಹೊಡ್ದವ. ಮಲ್ಪೆಗೆ ಹೋದ್ರೂ ಅಲ್ಲಿಯವರ ಹತ್ರ ಕೇಳ್ದೇ ನೀರಿಗೆ ಇಳಿಯೂದಿಲ್ಲ." ಮತ್ತೆ ಕೇಳಿದರು. "ಅಲ್ಲ ಮಗಾ, ನೀ ಕಳ್ಸಿದ ಫೋಟೊ ನಿನ್ನ ತಂಗಿ ದೊಡ್ಡ ಮಾಡಿ ನೋಡ್ದಳು. ನಿನ್ನ ಬೆನ್ನ ಹಿಂದಿನ ಬೋರ್ಡಲ್ಲಿ ನೀರು ಏರೂ ಹೊತ್ತು ಬರ್ದದೆಯಂತೆ. ನೀ ಅಲ್ಲಿಗೆ ಹೋದದ್ದು ಓದೂಕೇ ಅಲ್ವನಾ?"

ಈಗ ನಮ್ಮ ಪ್ರವಾಸಗಳಲ್ಲಿ ಸಮುದ್ರ ಖಾತೆ ಸಂಗಮೇಶನದು. ನನಗೆ ಬುತ್ತಿ ಹೊರುವ ಖಾತೆ ಕೊಟ್ಟಿದ್ದಾರೆ. ಅದನ್ನೂ ಬಸ್ ಹತ್ತುವ ಮುನ್ನ ಅವನು ಮುಚ್ಚಳ ತೆಗೆದು ನೋಡುತ್ತಾನೆ!